ಹೋದ ಪುಟ್ಟ, ಬಂದ ಪುಟ್ಟ

(2024ರ ಜನವರಿ ಕೊನೆ. ಕೊರಟಗೆರೆ ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿ.)

"ಮಾವ, ಜಗದೀಶ ಶೆಟ್ಟರ್ ವಾಪಸ್ ಬಿಜೆಪಿಗೆ ಬಂದ್ರಂತೆ!"

"ಹೋಗಿದ್ ಯಾವಾಗ್ಲಾ?"

"ಹೋದ್ ವರ್ಷ ಏಪ್ರಿಲ್‌ನಾಗೆ. ಆರ್ ಸಲ ಶಾಸಕ, ಒಂದ್ ಸಲ ಮುಖ್ಯಮಂತ್ರಿ. ಟಿಕೆಟ್ ಕೊಡ್ಲಿಲ್ಲ ಅಂತ ಕಾಂಗ್ರೆಸ್ಸಿಗೆ ಹೋದ್ರು."

"ಸಿದ್ಧಾಂತ?"

"ಹುಬ್ಬಳ್ಳಿ ಮನೇಲಿ ಬೀಗ ಹಾಕಿದ್ರೇನೋ. ಚುನಾವಣೇಲಿ 34,289 ಮತದಿಂದ ಸೋತ್ರು. ನಮ್ ಶಾಸಕ ಪರಮೇಶ್ವರ್ ಸಾಹೇಬ್ರ ಕಾಂಗ್ರೆಸ್ಸಿನೋರೇ ಪಾಪ ಅಂತ ವಿಧಾನ ಪರಿಷತ್ತಿಗೆ ಕಳ್ಸಿದ್ರು."

"ಆ ಕುರ್ಚಿ?"

"ರಾಜೀನಾಮೆ! ಮೋದಿ ಮತ್ತೆ ಪ್ರಧಾನಿ ಆಗ್ಬೇಕಂತೆ."

"ಏಪ್ರಿಲ್‌ನಾಗೆ ಆಗ್ಬಾರ್ದಿತ್ತಾ?"

"ನೀವ್ ಸುಮ್ನಿರಿ ಮಾವ. ಪಕ್ಕದ ಶಿರಾದಾಗೆ 2020ರಲ್ಲಿ ಕಾಂಗ್ರೆಸ್ ಮಾಜಿ ಸಂಸದರ ಮಗ ರಾಜೇಶ್ ಗೌಡ್ರು ಕಮಲ ಹಿಡ್ದು ಗೆಲ್ಲಲಿಲ್ವಾ?"

"ಗೆದ್ರು, 2023ರಾಗೆ ಸೋತ್ರು. ಸರಿ, ಟೀ ದುಡ್ಡು ಯಾರ್ ಲೆಕ್ಕಕ್ಕೆ?"

"ಸದ್ಯಕ್ಕೆ ನಿಮ್ ಲೆಕ್ಕಕ್ಕೇ ಬರೀಲಿ. ಸಾಯಂಕಾಲ ಬದಲಾಯಿಸಣ."