ಇತಿಹಾಸ ಕೇಳೋಣ ಬರ್ರಿ

ವಿಜಯನಗರದ ಇತಿಹಾಸದ ಮೇಲೆ ಉಪನ್ಯಾಸ ಕೊಡುವವರಿಗೆ ಬೆಂಗಳೂರು, ಮೈಸೂರುಗಳಲ್ಲಿ ಒಂದು ಅನುಕೂಲವಿದೆ. ಕೇಳುವವರು ಬಾಯಿ ಮುಚ್ಚಿಕೊಂಡು ಕೇಳುತ್ತಾರೆ. ಬುಕ್ಕಸಾಗರದಲ್ಲಿ ಆ ಭಾಗ್ಯವಿಲ್ಲ. ಹೊಳೆಯಾಚೆ ಆನೆಗೊಂದಿ, ಈ ಕಡೆ ಹಂಪಿ, ಆ ಕಡೆ ಕಂಪ್ಲಿ. ಊರ ಹೆಸರಿನಲ್ಲಿ ಖುದ್ದು ಬುಕ್ಕನೇ ಕೂತಿದ್ದಾನೆ. ಮುಂದಿನ ಸಾಲಿನ ತಾತ ಎಮ್ಮೆಯನ್ನು ಹಳೇ ಮಂಟಪದ ಕಂಬಕ್ಕೆ ಕಟ್ಟಿ ಬಂದಿರುತ್ತಾನೆ. ಅಂಥವನಿಗೆ ಹೊರಗಿನಿಂದ ಬಂದ ಪ್ರೊಫೆಸರು ವಿಜಯನಗರದ ವಾಸ್ತುಶಿಲ್ಪ ವಿವರಿಸುವುದೆಂದರೆ ಮನೆಯವರಿಗೆ ಅವರದೇ ಅಡುಗೆಮನೆ ತೋರಿಸಿದ ಹಾಗೆ.

ಆದರೂ ನಮ್ಮದೊಂದು ಬಳಗವಿದೆ. ನೋಂದಣಿ ಇಲ್ಲ, ಖಾತೆ ಇಲ್ಲ, ಬ್ಯಾನರ್ ಇದೆ. ಪ್ರತಿ ಸಲವೂ ಅದೇ ಬ್ಯಾನರ್. ಉಪನ್ಯಾಸಕರ ಹೆಸರು, ತಾರೀಕಿನ ಜಾಗಕ್ಕೆ ಬಿಳಿ ಹಾಳೆ ಅಂಟಿಸುತ್ತೇವೆ. ಜೋರು ಗಾಳಿ ಬೀಸಿದರೆ ಈ ತಿಂಗಳ ಅತಿಥಿ ಹಾರಿಹೋಗಿ ಹೋದ ತಿಂಗಳಿನವರು ಇಣುಕುತ್ತಾರೆ. ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ, ಶಾಲು, ಹಾರ, ಫೋಟೊ ಎಲ್ಲಾ ಮುಗಿದು ಇತಿಹಾಸದ ಸರದಿ ಬರುವ ಹೊತ್ತಿಗೆ ಶಾಲೆಯ ಹಿಂದೆ ಮಿರ್ಚಿ ಎಣ್ಣೆಗೆ ಬಿದ್ದಿರುತ್ತದೆ. ಆ ಚುರ್ ಸದ್ದು ಕೇಳಿದ ಮೇಲೆ ಅಬ್ದುರ್ ರಜಾಕನೂ ಅಷ್ಟೇ, ಡೊಮಿಂಗೋ ಪಾಯೆಸನೂ ಅಷ್ಟೇ.

ಉಪನ್ಯಾಸಕರು ಏನೇ ಬಿಟ್ಟರೂ ಮುತ್ತುರತ್ನಗಳನ್ನು ಬೀದಿಯಲ್ಲಿ ಸೇರಿನಿಂದ ಅಳೆದು ಮಾರಿದ್ದನ್ನು ಮಾತ್ರ ಬಿಡುವಂತಿಲ್ಲ. ಬಿಟ್ಟರೆ ಸಭೆಯೇ ನೆನಪಿಸುತ್ತದೆ. ಒಮ್ಮೆ ಒಬ್ಬ ಯುವ ಸಂಶೋಧಕರು ಧೈರ್ಯ ಮಾಡಿ, ಪಾಯೆಸ್ ಮತ್ತು ನೂನಿಜ್ ಎಂಬ ಪೋರ್ಚುಗೀಸರ ಬರಹ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು, ರಾಬರ್ಟ್ ಸಿವೆಲ್ ಅದನ್ನು ಇಂಗ್ಲಿಷಿಗೆ ತಂದು 1900ರಲ್ಲಿ ತನ್ನ ಪುಸ್ತಕದಲ್ಲಿ ಸೇರಿಸಿದ, ಅಲ್ಲಿ ವಜ್ರ ಮಾಣಿಕ್ಯದ ಸಂತೆಯ ಮಾತಿದೆ, ಸೇರಿನ ಲೆಕ್ಕವನ್ನು ಮಾತ್ರ ಪರಿಶೀಲಿಸಬೇಕು ಎಂದರು. ತಾತ ಕೂತಲ್ಲಿಂದಲೇ ಕೇಳಿದ: "ಅವ್ರು ಬರಿಯೂದಕ್ಕಿಂತ ಮೊದ್ಲ ನಮ್ಮ ಮುತ್ತಾತಗ ಗೊತ್ತಿತ್ತಲ್ಲೋ ತಮ್ಮಾ?" ಅಡಿಟಿಪ್ಪಣಿಯಿಲ್ಲದ ಈ ಆಕರವನ್ನು ಅಲ್ಲಗಳೆಯುವ ವಿಧಾನ ಯಾವ ವಿಶ್ವವಿದ್ಯಾಲಯದಲ್ಲೂ ಕಲಿಸುವುದಿಲ್ಲ, 1991ರಲ್ಲಿ ನಮ್ಮ ಪಕ್ಕದಲ್ಲೇ ಶುರುವಾದ ಕನ್ನಡ ವಿಶ್ವವಿದ್ಯಾಲಯದಲ್ಲೂ.

ಬಳಗದ ಚರಿತ್ರೆಯಲ್ಲಿ ಅಚ್ಚಳಿಯದೆ ಉಳಿದಿರುವುದು ಕಾಲುವೆಯ ಉಪನ್ಯಾಸ. ವಿಷಯ 'ವಿಜಯನಗರದ ನೀರಾವರಿ: ಒಂದು ಗತವೈಭವ'. ಬಂದವರು ನಿಜವಾದ ವಿದ್ವಾಂಸರು. ಪ್ರೊಜೆಕ್ಟರ್ ಸಮೇತ ಬಂದಿದ್ದರು. ಹೊಳೆಗೆ ಅಡ್ಡಲಾಗಿ ಕಲ್ಲು ಜೋಡಿಸಿ ಕಟ್ಟಿದ ಅಣೆಕಟ್ಟೆಗಳು, ಬಂಡೆಯ ಸಂದಿಯಲ್ಲಿ ಇಳಿಜಾರು ಕೆಡದಂತೆ ತಿರುವಿ ತಂದ ಕಾಲುವೆಗಳು, ಕೃಷ್ಣದೇವರಾಯ 1521ರಲ್ಲಿ ಕಟ್ಟಿಸಿದ ವಲ್ಲಭಾಪುರದ ಅಣೆಕಟ್ಟೆ ಈಗ ತುಂಗಭದ್ರಾ ಜಲಾಶಯದ ನೀರಿನೊಳಗೆ ಮುಳುಗಿರುವುದು, ಎಲ್ಲವನ್ನೂ ಸೊಗಸಾಗಿ ಹೇಳುತ್ತಿದ್ದರು. ಸಭೆ ತುಂಬಿತ್ತು. ಭತ್ತದವರು, ಬಾಳೆಯವರು, ಕಬ್ಬಿನವರು, ಎಲ್ಲರೂ ತಮ್ಮದೇ ಗದ್ದೆಯ ಮಾತೆಂದು ಕಿವಿಗೊಟ್ಟಿದ್ದರು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಒಂದು ಫೋನು ಹೊಡೆದುಕೊಂಡಿತು. ಎತ್ತಿದವನು ಒಂದೇ ಮಾತು ಕೂಗಿದ: "ಕಾಲುವಿಗೆ ನೀರು ಬಿಟ್ಟಾರಂತ್ರೋ!"

ಅದು ಬೇಸಿಗೆ ಬೆಳೆಯ ಕೊನೆಯ ದಿನಗಳು. ಪಾಳಿ ತಪ್ಪಿದರೆ ಮುಗಿಯಿತು. ಕುರ್ಚಿಗಳು ದಡದಡ ಸರಿದವು, ಬೈಕುಗಳು ಶುರುವಾದವು, ಒಬ್ಬರು ಗುದ್ದಲಿಗಾಗಿ ಶಾಲೆಯ ಕೈತೋಟದತ್ತ ಓಡಿದರು. ಐದು ನಿಮಿಷದಲ್ಲಿ ಸಭೆಯಲ್ಲಿ ಉಳಿದವರು ಉಪನ್ಯಾಸಕರು, ಅಧ್ಯಕ್ಷರು, ಮಿರ್ಚಿಯವನು ಮತ್ತು ಗುಂಟೆ ಜಮೀನೂ ಇಲ್ಲದ ನಾನು. ಪರದೆಯ ಮೇಲೆ ಕಾಲುವೆಯ ಚಿತ್ರ ಹಾಗೆಯೇ ನಿಂತಿತ್ತು. ಪೆಚ್ಚಾದ ವಿದ್ವಾಂಸರನ್ನು ಅಧ್ಯಕ್ಷರೇ ಸಮಾಧಾನ ಮಾಡಿದರು: "ಬ್ಯಾಸರ ಮಾಡ್ಕೋಬ್ಯಾಡ್ರಿ ಸಾರ್. ಗತ ಆಗಿದ್ರ ಕುಂತು ಕೇಳ್ತಿದ್ರು. ಇನ್ನೂ ಹರೀತೈತಲ್ಲ, ಅದಕ್ಕ ಎದ್ದು ಹೋದ್ರು."

ನಲವತ್ತು ಜನರ ಒಗ್ಗರಣೆ-ಮಿರ್ಚಿಯನ್ನು ನಾಲ್ವರು ಎದುರಿಸಿದ ಆ ಸಂಜೆಯ ಕಥೆ ಇಲ್ಲಿ ಬೇಡ.

ಊರಲ್ಲಿ ಸಭೆ ನಡೆಸಿದರೆ ತಾನೇ ಈ ಕಾಟ ಎಂದು ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋಗುವುದೆಂದಾಯಿತು. ಅಧ್ಯಕ್ಷರು ಪಂಚಾಂಗ ನೋಡಿ ಶುಕ್ರವಾರ ಪ್ರಶಸ್ತವೆಂದರು. ಶುಕ್ರವಾರ ಅದಕ್ಕೆ ರಜೆ ಎಂಬುದು ಪಂಚಾಂಗದಲ್ಲಿ ಇರಲಿಲ್ಲ. ಆಮೇಲೆ ಏಪ್ರಿಲ್ 18ರ ವಿಶ್ವ ಪರಂಪರೆ ದಿನದಂದು ಟ್ರ್ಯಾಕ್ಟರ್ ಕಟ್ಟಿಸಿಕೊಂಡು ಹೋದೆವು. ಬ್ರಿಟಿಷರ ಕಾಲದಲ್ಲಿ ಆನೆಲಾಯದಲ್ಲಿ ಕೂಡಿಹಾಕಿದ್ದ ಮೂರ್ತಿಗಳು 1972ರಲ್ಲಿ ಇಲ್ಲಿಗೆ ಬಂದವು. ಬಾಗಿಲಲ್ಲೇ ಕೃಷ್ಣದೇವರಾಯ ಇಬ್ಬರು ರಾಣಿಯರೊಂದಿಗೆ ಕೈಮುಗಿದು ನಿಂತಿದ್ದಾನೆ. ಇಷ್ಟು ಮರ್ಯಾದೆಯ ಸ್ವಾಗತ ಸಮಿತಿಯನ್ನು ನಮ್ಮ ಹೆಂಗಸರು ಯಾವ ಮದುವೆಯಲ್ಲೂ ಕಂಡಿರಲಿಲ್ಲ. ಸಾಲಾಗಿ ನಿಂತು ತಿರುಗಿ ಕೈಮುಗಿದರು. ಅಂಗಳದಲ್ಲಿ ಇಡೀ ಹಂಪಿಯನ್ನು ಚಿಕ್ಕದಾಗಿ ಮಾಡಿಟ್ಟಿರುವ ಮಾದರಿಯ ಸುತ್ತ ನಿಂತು ಎಲ್ಲರೂ ಹುಡುಕಿದ್ದು ವಿರೂಪಾಕ್ಷನನ್ನಲ್ಲ, ತಂತಮ್ಮ ಹೊಲವನ್ನು. ನಾಣ್ಯಗಳ ಮುಂದೆ ಒಬ್ಬಾಕೆ ಬಗ್ಗಿ ನೋಡಿ, "ಯವ್ವಾ, ಇಷ್ಟು ಸಣ್ಣವು ಅಂತನ ಸೇರಿನಾಗ ಅಳೀತಿದ್ರೇನೋ" ಎಂದಳು. ಸಂಶೋಧನೆ ನಡೆಯುವುದು ಹೀಗೆಯೇ ಎಂದು ನನಗೆ ಖಾತ್ರಿಯಾಯಿತು.

ನಿಧಿಯ ಪ್ರಶ್ನೆ ಬರದೆ ನಮ್ಮ ಯಾವ ಕೂಟವೂ ಮುಗಿಯುವುದಿಲ್ಲ. ಟೇಪು ಹಿಡಿದು ಗೋಡೆ ಅಳೆದವರೆಲ್ಲ ನಮ್ಮ ಕಡೆಯ ಲೆಕ್ಕದಲ್ಲಿ ಕೊಪ್ಪರಿಗೆ ಹುಡುಕುವವರೇ. 1800ರ ಸುಮಾರಿಗೆ ಬಂದ ಕರ್ನಲ್ ಮೆಕೆಂಜಿಯಿಂದ ಹಿಡಿದು 1980ರಿಂದ ವರ್ಷವರ್ಷವೂ ಬಂದು ಮಂಟಪ ಮಂಟಪವನ್ನೂ ದಾಖಲಿಸಿದ ಜಾನ್ ಫ್ರಿಟ್ಜ್, ಜಾರ್ಜ್ ಮಿಶೆಲ್ ಜೋಡಿಯವರೆಗೆ ಯಾರಿಗೂ ಈ ಅನುಮಾನದಿಂದ ವಿನಾಯಿತಿ ಇಲ್ಲ.

ಹೀಗಾಗಿ ಪಕ್ಕದ ಊರಿನ ಬೋರಿಂಗಿನ ಹತ್ತಿರ ಸುಣ್ಣ ಬಳಿದುಕೊಂಡು ನಿಂತಿದ್ದ ಶಾಸನದ ಕಲ್ಲಿನ ಪಡಿಯಚ್ಚು ತೆಗೆಯಲು ಹೋದಾಗ ಮೊದಲು ನಮ್ಮ ಚೀಲಗಳ ತಪಾಸಣೆಯಾಯಿತು. ಹಾರೆ, ಗುದ್ದಲಿ ಇಲ್ಲವೆಂದು ಖಾತ್ರಿಯಾದರೂ, ಅದಕ್ಕೆ ದಿನಾ ಕುಂಕುಮ ಇಡುವ ಅಜ್ಜಿ ಬಿಡಲಿಲ್ಲ. ಒದ್ದೆ ಕಾಗದ ಹಚ್ಚಿ ಬ್ರಷ್ಷಿನಿಂದ ಕುಟ್ಟುವವರೆಗೆ ಸುಮ್ಮನಿದ್ದಳು. ಮಸಿಯ ಡಬ್ಬಿ ತೆರೆದದ್ದೇ ತಡ, "ದೇವ್ರ ಮೈಗೆ ಮಸಿ ಬಳೀತೀರೇನು?" ಎಂದು ಅಡ್ಡ ನಿಂತಳು. ಮಸಿ ಕಾಗದಕ್ಕೆ ಅಷ್ಟೇ, ದೇವರಿಗಲ್ಲ ಎಂದು ಮೇಷ್ಟ್ರು ಆಣೆ ಮಾಡಿದರು. ಸರಿ, ಬರೆದದ್ದನ್ನು ಓದಿ ಹೇಳಬೇಕೆಂಬ ಷರತ್ತಿನ ಮೇಲೆ ಒಪ್ಪಿದಳು.

ಓದಿದರು. ಎಷ್ಟೋ ಶಾಸನಗಳಂತೆ ಅದೂ ಗುಡಿಗೆ ಗದ್ದೆ ಬಿಟ್ಟ ದಾನಶಾಸನ. ಕೊನೆಯಲ್ಲಿ ವಾಡಿಕೆಯ ಶಾಪ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಸುತ್ತ ನೆರೆದವರು ತಲೆದೂಗಿದರು. ಅಜ್ಜಿ ಮಾತ್ರ ಸ್ವಲ್ಪ ಹೊತ್ತು ಯೋಚಿಸಿ, "ಆ ಗದ್ದಿ ಈಗ ಯಾರ ಹೆಸರಿಗೈತಿ?" ಎಂದಳು.

ಮುಂದಿನ ತಿಂಗಳ ಸಭೆಗೆ ಎಂದೂ ಬಾರದವರೆಲ್ಲ ಬಂದಿದ್ದರು. ನಾಲ್ಕೈದು ಜನರ ಕೈಯಲ್ಲಿ ಪಹಣಿ ಇತ್ತು.