ಹೂವಿನ ಮೇಲೆ ಕೂರುವ ಅಧಿಕಾರ

ನಮ್ಮ ಊಟದ ಮೇಜಿಗೆ ಆರು ಕುರ್ಚಿಗಳಿವೆ, ಮನೆಯಲ್ಲಿರುವುದು ಐದು ಜನ. ಆದರೂ ಕಳೆದ ಭಾನುವಾರದಿಂದ ಎಲ್ಲರೂ ನಿಂತುಕೊಂಡೇ ತಿನ್ನುತ್ತಿದ್ದೇವೆ. ಕುರ್ಚಿಗಳಲ್ಲಿ ಹೂಗಳು ಕೂತಿವೆ.

ಉಲ್ಲನ್ ಹೂಗಳು. ಬೇಸಿಗೆ ರಜೆ ಶುರುವಾದಾಗ ಮಗಳ ಕೈಯಿಂದ ಫೋನು ಬಿಡಿಸಲು ಅತ್ತೆಯವರೇ ಹೂಡಿದ ಉಪಾಯ ಇದು. ಮೈಸೂರಿನಿಂದ ಬರುವಾಗ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳದ ಜೊತೆ ಒಂದು ಕ್ರೋಶಾ ಕಡ್ಡಿಯೂ ಬಂದಿತ್ತು. ಅಜ್ಜಿ ನಡುವಿನ ಹೂ ಹೆಣೆಯುವುದು, ಮೊಮ್ಮಗಳು ಅದರ ಸುತ್ತ ಗ್ರ್ಯಾನಿ ಸ್ಕ್ವೇರ್ ಹೆಣೆದು ಕುರ್ಚಿಯಗಲಕ್ಕೆ ಬೆಳೆಸುವುದು ಎಂದು ಒಪ್ಪಂದವಾಯಿತು. ಗ್ರ್ಯಾನಿ ಸ್ಕ್ವೇರಿಗೆ ಇಂತಲ್ಲಿಗೆ ಮುಗಿಯಿತು ಎಂಬುದೇ ಇಲ್ಲ. ಸುತ್ತು ಹಾಕುತ್ತ ಹೋದಷ್ಟೂ ಬೆಳೆಯುತ್ತದೆ. ಮೂಲೆಯಲ್ಲಿ ಮೂರು ಕಂಬ, ಎರಡು ಚೈನು, ಮತ್ತೆ ಮೂರು ಕಂಬ. ನಡುವೆ ಬರೀ ಮೂರು ಮೂರು ಕಂಬ. ಕೆಇಬಿಯಲ್ಲಿ ನೌಕರಿಯುದ್ದಕ್ಕೂ ಕಂಬ ನೆಡಿಸಿ ನಿವೃತ್ತರಾದ ಮಾವನವರು ಪಕ್ಕದಲ್ಲಿ ಕೂತು ಎಣಿಕೆ ಒಪ್ಪಿಸುವ ಕೆಲಸ ತಾವೇ ವಹಿಸಿಕೊಂಡಿದ್ದರು. ‘ಅಲ್ಲೊಂದು ಕಂಬ ಕಮ್ಮಿ ಇದೆ ನೋಡು ಪುಟ್ಟಿ, ಲೈನು ಜೋಲುತ್ತೆ.’

ಇದು ಯಾರ ಕಡೆಯ ವಿದ್ಯೆ ಎಂಬ ಜಗಳ ಮೊದಲ ದಿನವೇ ಆಗಿ ಮುಗಿದಿತ್ತು. ಅತ್ತೆ ಕಾನ್ವೆಂಟಿನಲ್ಲಿ ಓದಿದವರು. ಎಸಳೆದ್ದು ನಿಲ್ಲುವ ಗುಲಾಬಿಯನ್ನು ಅಲ್ಲಿಯ ಸಿಸ್ಟರೊಬ್ಬರು ಕಲಿಸಿದ್ದಂತೆ. ಆ ಗುಲಾಬಿಯ ತವರು ಐರ್ಲೆಂಡು. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಕ್ಷಾಮ ಬಡಿದಾಗ ಅಲ್ಲಿಯ ಕಾನ್ವೆಂಟುಗಳು ಹೆಂಗಸರಿಗೆ ಕ್ರೋಶಾ ಲೇಸು ಕಲಿಸಿ, ಅದನ್ನು ಮಾರಿ ಹೊಟ್ಟೆ ಹೊರೆಯುವ ದಾರಿ ಮಾಡಿಕೊಟ್ಟವು. ಮಗಳೂ ಬಿಡಲಿಲ್ಲ. ಇಂಥ ಚೌಕದ ಅಚ್ಚಾದ ಅತಿ ಹಳೆಯ ಮಾದರಿಗಳಲ್ಲೊಂದು ಬಂದದ್ದು 1885ರ ‘ಪ್ರೇರಿ ಫಾರ್ಮರ್’ ಪತ್ರಿಕೆಯಲ್ಲಿ, ಅದು ಶಿಕಾಗೋದ್ದು, ನಾವಿರುವ ನೇಪರ್‌ವಿಲ್‌ನಿಂದ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರ ಎಂದು ಫೋನು ತೆಗೆದು ತೋರಿಸಿದಳು. (ಫೋನು ಬಿಡಿಸುವ ಉಪಾಯದ ಗತಿ ಇಷ್ಟೇ.) ಕೊನೆಗೆ ಹೂ ಅಜ್ಜಿಯದು, ಚೌಕ ತನ್ನದು ಎಂದು ಪಾಲಾಯಿತು.

ಕುರ್ಚಿಗೆ ಹಾಸುವ ಹೂವು ಎಷ್ಟು ಎತ್ತರವಿರಬೇಕು ಎಂದು ಮಾತ್ರ ಯಾರೂ ಯೋಚಿಸಲಿಲ್ಲ. ಅತ್ತೆಯ ಹೂವೆಂದರೆ ಮೂರು ಅಂತಸ್ತಿನದು. ಮೊದಲ ಸುತ್ತಿನ ಎಸಳು ಮುಗಿದ ಮೇಲೆ ಅದನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿನ ಕಡೆಯಿಂದ ಕಡ್ಡಿ ತೂರಿಸಿ ಚೈನಿನ ಕುಣಿಕೆ ಹಾಕುತ್ತಾರೆ. ಆ ಕುಣಿಕೆಗಳಲ್ಲಿ ಇನ್ನೂ ದೊಡ್ಡ ಎಸಳು. ಅದರ ಬೆನ್ನಿಗೆ ಮತ್ತೆ ಕುಣಿಕೆ, ಮತ್ತೆ ಎಸಳು. ಊರಿನಲ್ಲಿದ್ದಾಗ ಇಂಥ ಹೂಗಳು ಟೀವಿಯ ಮೇಲೆ, ಫ್ರಿಜ್ಜಿನ ಮೇಲೆ, ರೇಡಿಯೋದ ಮೇಲೆ ಇರುತ್ತಿದ್ದವು. ಟೀವಿಯ ಮೇಲೆ ಯಾರೂ ಕೂರುತ್ತಿರಲಿಲ್ಲವಾದ್ದರಿಂದ ಎತ್ತರದ ಪ್ರಶ್ನೆ ಏಳಲಿಲ್ಲ. ಈಗಿನ ಟೀವಿ ಹಪ್ಪಳದಂತಾಗಿ ಅದರ ಮೇಲೆ ಹೊದಿಸಲು ಜಾಗವೇ ಇಲ್ಲ. ಅತ್ತೆಯ ಅಷ್ಟೂ ವರ್ಷದ ಕೈಚಳಕ ಕುರ್ಚಿಗೆ ಇಳಿದದ್ದು ಹೀಗೆ.

ಭಾನುವಾರ ಉಪ್ಪಿಟ್ಟು. ಮಾವನವರು ತಟ್ಟೆ ಹಿಡಿದು ಬಂದು, ಹೊಸ ಹಾಸಿನ ಮೇಲೆ ಮೊದಲು ಕೂರುವ ಗೌರವ ತಮ್ಮದೆಂಬ ಗತ್ತಿನಲ್ಲಿ ಪಂಚೆ ಸರಿಮಾಡಿಕೊಂಡು ಕೂರಲು ಹೊರಟರು. ಅರ್ಧಕ್ಕೆ ನಿಂತರು. ‘ಕೆಳಗೇನೋ ಇದೆ ಕಣೇ’ ಎಂದರು, ಲೈನಿನಲ್ಲಿ ಕರೆಂಟಿದೆ ಎಂದು ಎಚ್ಚರಿಸುವ ದನಿಯಲ್ಲಿ. ಅದೇ ಹೊತ್ತಿಗೆ ಅಡುಗೆಮನೆಯಿಂದ ಅತ್ತೆಯ ಚೀತ್ಕಾರ: ‘ಅಯ್ಯೋ, ಹೂವಿನ ಮೇಲೆ ಕೂತ್ಕೋತಿದೀರಲ್ರೀ! ಏಳಿ ಮೇಲೆ!’

ಮಾವ ಏಳಲಿಲ್ಲ. ಕೂರಲೂ ಇಲ್ಲ. ಕೂತರೆ ಹೂ ಚುಚ್ಚುತ್ತದೆ, ಎದ್ದರೆ ಹೆಂಡತಿಯ ಮಾತಿಗೆ ಹೆದರಿ ಎದ್ದ ಹಾಗಾಗುತ್ತದೆ. ಕುರ್ಚಿಗೂ ತಮಗೂ ನಡುವೆ ನಾಲ್ಕು ಬೆರಳಿನ ಅಂತರ ಕಾಯ್ದುಕೊಂಡು, ಒಂದು ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ, ಇನ್ನೊಂದು ಕೈ ಮೇಜಿನ ಮೇಲೆ, ಆ ಭಂಗಿಯಲ್ಲೇ ವಾದಕ್ಕಿಳಿದರು. ಇದಕ್ಕೆ ಉತ್ಕಟಾಸನ ಎನ್ನುತ್ತಾರೆ. ಇಲ್ಲಿಯ ಯೋಗ ತರಗತಿಗಳಲ್ಲಿ ಜನ ದುಡ್ಡು ಕೊಟ್ಟು ಈ ಆಸನ ಹಾಕಿ, ಒಂದೇ ನಿಮಿಷಕ್ಕೆ ತೊಡೆ ನಡುಗಿ ಕುಸಿಯುತ್ತಾರೆ. ಮಂಡಿನೋವೆಂದು ಮೆಟ್ಟಿಲು ಹತ್ತದ ನಮ್ಮ ಮಾವ ಹಟದ ಬಲವೊಂದರಿಂದಲೇ ಪೂರ್ತಿ ಒಂದು ತರ್ಕ ಮಂಡಿಸಿದರು.

‘ಲಕ್ಷ್ಮಿ ಎಲ್ಲಿ ಕೂತಿರೋದು? ತಾವರೆ ಮೇಲೆ. ಬ್ರಹ್ಮ? ತಾವರೆ ಮೇಲೆ. ಅವರಿಗಿಲ್ಲದ ಮಡಿ ನನಗ್ಯಾಕೆ?’

‘ಅವರು ಕೂತ್ರೆ ಹೂ ಬಾಡಲ್ಲ. ನೀವು ಕೂತ್ರೆ ಉಳಿಯತ್ತಾ?’

‘ಇದು ಉಲ್ಲನ್ನು. ಬಾಡೋದೆಲ್ಲಿಂದ ಬಂತು?’

‘ಎಸಳು ಎಣಿಸಿ. ಎಂಟಿದೆ. ಅಷ್ಟದಳ ಪದ್ಮ. ವರಮಹಾಲಕ್ಷ್ಮಿಗೆ ಅದನ್ನ ಬರೆದು ಅದರ ಮೇಲೆ ಕಳಶ ಇಡ್ತೀನಿ ನಾನು. ನೀವೇನು ಕಳಶಾನಾ?’

ಮಾವನವರ ಹೊಟ್ಟೆ ನೋಡಿದರೆ ಆ ಪ್ರಶ್ನೆಗೆ ಹೌದೆನ್ನಬಹುದಿತ್ತು. ನಾನು ಸೊಸೆ, ಸುಮ್ಮನಿದ್ದೆ. ಮಗಳಿಗೆ ಆ ಭಯವಿಲ್ಲ. ‘ತಾತ, ಯೂ ಆರ್ ಟೋಟಲಿ ಕಳಶ ಶೇಪ್’ ಎಂದಳು. ನನ್ನ ಗಂಡ ‘ಒಂದು ಕಾಲ್ ಇದೆ’ ಎಂದು ಬೇಸ್‌ಮೆಂಟಿಗೆ ಇಳಿದುಹೋದರು. ಭಾನುವಾರ ಬೆಳಿಗ್ಗೆ ಅವರಿಗೆ ಬರುವ ಕಾಲ್ ಎಂಥದ್ದು ಎಂದು ನಾನು ಮದುವೆಯಾದಾಗಿನಿಂದ ಕೇಳಿಲ್ಲ.

ಅಷ್ಟು ಹೊತ್ತಿಗೆ ಮಾವನವರ ತೊಡೆ ಸೋತಿತು. ಮೇಲಕ್ಕೇ ಎದ್ದರು. ‘ನಿಂತು ತಿಂದ್ರೆ ಚೆನ್ನಾಗಿ ಜೀರ್ಣ ಆಗತ್ತೆ’ ಎಂದು ಹೊಸ ವೈದ್ಯಶಾಸ್ತ್ರ ಹೇಳಿ ಅಡುಗೆಮನೆಯ ಕಟ್ಟೆಗೆ ಒರಗಿದರು. ದೊಡ್ಡವರು ನಿಂತಿರುವಾಗ ನಾವು ಕೂರುವುದು ಹೇಗೆ? ಎಲ್ಲರೂ ನಿಂತೆವು. ನಿಲ್ಲುವ ಪರ್ವ ಶುರುವಾದದ್ದು ಅಲ್ಲಿಂದ.

ಎಂಟರಿಂದ ತಾನೇ ತೊಂದರೆ, ಆರು ಎಸಳು ಮಾಡಿದರಾಯಿತು ಎಂದು ಮಗಳು ಸೋಮವಾರ ಹೊಸ ಹೂ ಶುರುಮಾಡಿದಳು. ಹೂವೇನೋ ಮುದ್ದಾಗಿ ಬಂತು, ಚೌಕ ಕೈಕೊಟ್ಟಿತು. ಎಂಟು ಕುಣಿಕೆಗಳಿದ್ದರೆ ಒಂದು ಬಿಟ್ಟು ಒಂದರಲ್ಲಿ ಮೂಲೆ ಕಟ್ಟಬಹುದು. ನಾಲ್ಕು ಮೂಲೆ, ನಾಲ್ಕು ಬದಿ, ಲೆಕ್ಕ ಚುಕ್ತಾ. ಆರು ಕುಣಿಕೆಯನ್ನು ನಾಲ್ಕು ಮೂಲೆಗೆ ಹಂಚಿದರೆ ತಲಾ ಒಂದೂವರೆ. ಒಂದೂವರೆ ಕುಣಿಕೆಯಲ್ಲಿ ಮೂಲೆ ಕಟ್ಟಲು ಹೋಗಿ ಒಂದು ಬದಿ ಉಬ್ಬಿತು, ಇನ್ನೊಂದು ಬದಿ ಕುಗ್ಗಿತು. ಸುಮ್ಮನೆ ಆರು ಮೂಲೆ ಬಿಟ್ಟರೆ ಚಂದದ ಷಟ್ಕೋನವಾಗುತ್ತಿತ್ತು, ಆದರೆ ನಮ್ಮ ಕುರ್ಚಿಗಳಿಗೆ ಇರುವುದು ನಾಲ್ಕೇ ಮೂಲೆ. ಹನ್ನೆರಡು ಮಾಡು, ನಾಲ್ಕರಿಂದ ಭಾಗವಾಗುತ್ತದೆ ಎಂದರು ಎಂಜಿನಿಯರ್ ತಾತ. ಹನ್ನೆರಡು ಎಸಳಿನ ಹೂ ಮತ್ತಷ್ಟು ಉಬ್ಬಿ, ಕೂರುವವರ ಕಷ್ಟವನ್ನು ಇಮ್ಮಡಿ ಮಾಡಿತು.

ಈ ನಡುವೆ ಗಂಡಹೆಂಡಿರ ಜಗಳ ಎಷ್ಟು ನಿಜ ಎಂದು ನನಗೆ ಅನುಮಾನ ಬರತೊಡಗಿತು. ಹಗಲೆಲ್ಲ ‘ನಿಮ್ಮ ಅಜ್ಜಿಗೆ ಹೇಳು’, ‘ನಿಮ್ಮ ತಾತಂಗೆ ಹೇಳು’ ಎಂದು ಮೊಮ್ಮಗಳ ಮೂಲಕವೇ ಮಾತು. ರಾತ್ರಿ ನೀರು ಕುಡಿಯಲು ಎದ್ದು ಬಂದರೆ, ಮಾವ ಎರಡೂ ಕೈ ಮುಂದೆ ಚಾಚಿ ಉಲ್ಲನ್ ಲಡಿ ಹಿಡಿದು ಕೂತಿದ್ದಾರೆ, ಅತ್ತೆ ಅದನ್ನು ಉಂಡೆ ಸುತ್ತುತ್ತಿದ್ದಾರೆ. ಇಬ್ಬರಿಗೂ ಜೆಟ್‌ಲ್ಯಾಗ್ ಕಳೆದು ಎಷ್ಟೋ ಕಾಲವಾಗಿದೆ, ನಿದ್ದೆ ಮಾತ್ರ ಇನ್ನೂ ಮೈಸೂರಿನ ಗಡಿಯಾರದಲ್ಲೇ ಇದೆ. ಅತ್ತೆಗೆ ಒಂದು ಕಣ್ಣಿನ ಆಪರೇಷನ್ ಬಾಕಿ. ಕರಿ ದಾರದ ಕುಣಿಕೆ ಅವರಿಗೆ ಕಾಣುವುದಿಲ್ಲ. ಕರಿ ಬಣ್ಣ ಅಶುಭ, ನಮ್ಮನೇಲಿ ಬೇಡ ಎಂದು ಮಾವನವರೇ ಮೊದಲ ದಿನ ಗುಡುಗಿ ಅದನ್ನು ವಾಪಸು ಮಾಡಿಸಿದ್ದರು. ಅವರ ಎರಡೂ ಸ್ವೆಟರ್ ಕಪ್ಪು.

ಗುರುವಾರ ನಾನು ಯೋಗದ ಮ್ಯಾಟ್ ಹಾಸಿ ಉಸಿರೆಳೆದುಕೊಳ್ಳುತ್ತಿದ್ದಾಗ ಮಾವ ಬಂದು ನಿಂತರು. ‘ಸ್ವಲ್ಪ ಏಳಮ್ಮ’ ಎಂದರು. ಇಲ್ಲಿಯ ಅಂಗಡಿಯಲ್ಲಿ ರಿಯಾಯಿತಿಗೆ ಸಿಕ್ಕ ಮ್ಯಾಟ್ ಅದು. ಉದ್ದಕ್ಕೂ ಏಳು ಚಕ್ರಗಳ ಚಿತ್ರ ಅಚ್ಚು ಹಾಕಿದ್ದಾರೆ. ಕನ್ನಡಕ ಏರಿಸಿ, ಮಂಡಿಯೂರಿ, ಬೆರಳಿಟ್ಟು ಒಂದೊಂದೇ ಕಮಲದ ದಳ ಎಣಿಸಿದರು. ಎದ್ದಾಗ ಮುಖದಲ್ಲಿ ಹೈಕೋರ್ಟಿನಲ್ಲಿ ಗೆದ್ದ ಕಳೆ.

‘ಇವಳೇ, ಬಾ ಇಲ್ಲಿ. ಮೂಲಾಧಾರ ಚಕ್ರ. ಎಷ್ಟು ದಳ? ನಾಲ್ಕು. ಅದರ ಸ್ಥಾನ ಎಲ್ಲಿ? ಬೆನ್ನುಮೂಳೆಯ ಬುಡದಲ್ಲಿ. ಅಂದ್ರೆ ಮನುಷ್ಯ ಎಲ್ಲಿ ಕೂರ್ತಾನೋ ಅಲ್ಲೇ! ನಾಲ್ಕು ಎಸಳಿನ ಹೂವಿನ ಮೇಲೆ ಕೂರೋದು ತಪ್ಪಲ್ಲ, ಕೂರದೇ ಇರೋದೇ ತಪ್ಪು.’

ಅತ್ತೆ ಬಹಳ ಹೊತ್ತು ಮ್ಯಾಟ್ ನೋಡಿದರು. ಯೋಚಿಸಿ ನೋಡಿದರೆ ನಾಲ್ಕು ಎಲ್ಲರಿಗೂ ಸಲ್ಲುವ ಸಂಖ್ಯೆ: ಶಾಸ್ತ್ರಕ್ಕೆ ಸರಿ, ಚೌಕಕ್ಕೆ ಸರಿ, ಒಂದು ಎಸಳಿಗೆ ಒಂದು ಮೂಲೆ. ‘ಹಾಗಾದ್ರೆ ಒಂದೇ ಅಂತಸ್ತು ಹಾಕ್ತೀನಿ, ಚುಚ್ಚಲ್ಲ’ ಎಂದರು, ಸೋಲೊಪ್ಪದ ದನಿಯಲ್ಲಿ. ಶುಕ್ರವಾರವಿಡೀ ಕೂತು ಕೆಂಪು ಉಲ್ಲನ್ನಿನಲ್ಲಿ ಅಗಲವಾದ ನಾಲ್ಕೆಸಳಿನ ಹೂ ಹೆಣೆದುಕೊಟ್ಟರು. ಮಗಳು ರಾತ್ರಿಯೊಳಗೆ ಚೌಕ ಮುಗಿಸಿದಳು.

ನಿನ್ನೆ ಬೆಳಿಗ್ಗೆ ಮಾವನವರು ಕೂತರು. ಪೂರ್ತಿ ಕೂತರು. ಮಗಳು ವಿಡಿಯೋ ಮಾಡಿ ಊರಿಗೆಲ್ಲ ಕಳಿಸಿದಳು. ಮೊದಲ ದೋಸೆ ಮುಗಿದು ಎರಡನೆಯದು ತಟ್ಟೆಗೆ ಬೀಳುವಷ್ಟರಲ್ಲಿ ಪುತ್ತೂರಿನಿಂದ ಅತ್ತೆಯ ತಂಗಿಯ ಫೋನು. ‘ಅಕ್ಕಾ, ಭಾವ ಕೂತಿರೋದು ಕೇಪಳ ಹೂವಿನ ಮೇಲೆ ಅಲ್ವಾ? ನಾಲ್ಕೇ ಎಸಳು, ಕೆಂಪು ಬಣ್ಣ! ಇಲ್ಲಿ ಅದನ್ನ ದೇವಿಗೆ ಏರಿಸ್ತೇವೆ ಮಾರಾಯ್ತಿ!’

ಮಾವ ದೋಸೆ ತಟ್ಟೆ ಎತ್ತಿಕೊಂಡು ಎದ್ದರು. ಈ ಸಲ ವಾದ ಮಾಡಲಿಲ್ಲ. ನಾದಿನಿಯ ಎದುರು ಅವರು ಯಾವತ್ತೂ ಗೆದ್ದವರಲ್ಲ. ಮಗಳು ನೀಲಿ ಉಲ್ಲನ್ ಆರ್ಡರ್ ಮಾಡಿದ್ದಾಳೆ. ನೀಲಿ ಕೇಪಳ ಪ್ರಪಂಚದಲ್ಲಿ ಎಲ್ಲೂ ಇಲ್ಲ ಎಂದು ಪುತ್ತೂರಿನಿಂದ ಖಾತ್ರಿ ಮಾಡಿಕೊಂಡೇ ಮಾಡಿದ್ದು. ಅದು ಬರುವ ತನಕ ಮಾವನವರ ಊಟ ತಿಂಡಿ ನೆಲದ ಮೇಲೆ, ನನ್ನ ಯೋಗದ ಮ್ಯಾಟ್ ಹಾಸಿಕೊಂಡು. ನಾಲ್ಕು ದಳದಿಂದ ಸಹಸ್ರದಳದವರೆಗೆ ಏಳೂ ಕಮಲಗಳ ಮೇಲೆ ಹಾಯಾಗಿ ಚಕ್ಕಂಬಕ್ಕಳ ಹಾಕಿ ಕೂತು ಉಣ್ಣುತ್ತಾರೆ, ಅತ್ತೆಯೇ ಬಗ್ಗಿ ಬಗ್ಗಿ ಬಡಿಸುತ್ತಾರೆ. ನಾನು ಬಾಯಿ ಬಿಟ್ಟಿಲ್ಲ, ಮಗಳಿಗೂ ಕಣ್ಸನ್ನೆ ಮಾಡಿದ್ದೇನೆ.