ರಾಮನ್ ರಗಳೆ: ನಾಲ್ಕನೇ ತರಗತಿಯ ಚರಿತ್ರಕಾವ್ಯ ಕುರಿತು ಒಂದು ಜಿಜ್ಞಾಸೆ

ಹರಿಹರನ ಕಾಲದ ವೈಭವ ರಗಳೆಗೆ ಮತ್ತೆ ಬರಲಿಲ್ಲವೆಂದು ಕೊರಗುವ ವಿದ್ವಾಂಸರು ಪ್ರಾಥಮಿಕ ಶಾಲೆಯ ಗೋಡೆಯನ್ನು ಕಣ್ಣೆತ್ತಿ ನೋಡಿದವರಲ್ಲ. ಪ್ರತಿ ಫೆಬ್ರವರಿ 28ರಂದು, ರಾಷ್ಟ್ರೀಯ ವಿಜ್ಞಾನ ದಿನದ ನೆಪದಲ್ಲಿ, ಆ ಗೋಡೆಯ ಮೇಲೆ ಚಾರ್ಟ್ ಪೇಪರೊಂದು ತೂಗುತ್ತದೆ: ‘ಸರ್ ಸಿ. ವಿ. ರಾಮನ್ ಅವರ ಜೀವನ ಚರಿತ್ರೆ’. ಅದನ್ನು ಗದ್ಯವೆಂದು ಬಗೆಯುವುದು ಪ್ರಮಾದ. ಹರಿಹರನ ಶರಣ ರಗಳೆಗಳ ಹಂದರ ನೆನೆಯಿರಿ. ಕೈಲಾಸದ ಗಣವೊಂದು ಯಾವುದೋ ಸಣ್ಣ ತಪ್ಪಿಗೆ ಭೂಮಿಗಿಳಿಯುತ್ತದೆ, ಹುಟ್ಟುತ್ತಲೇ ಭಕ್ತ, ನಡುವೆ ಒಂದು ಪವಾಡ, ಶಿವ ಮೆಚ್ಚುತ್ತಾನೆ, ಮರಳಿ ಕೈಲಾಸ. ಈಗ ಚಾರ್ಟ್ ಓದಿ: 1888ರ ನವೆಂಬರ್ 7ರಂದು ತಿರುಚಿನಾಪಳ್ಳಿಯಲ್ಲಿ ಜನಿಸಿದರು, ಬಾಲ್ಯದಿಂದಲೇ ಪ್ರತಿಭಾವಂತರು, ರಾಮನ್ ಪರಿಣಾಮ ಕಂಡುಹಿಡಿದರು, 1930ರಲ್ಲಿ ನೊಬೆಲ್ ಪಡೆದರು, 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ಇಹಲೋಕ ತ್ಯಜಿಸಿದರು. ಶಿವನ ಪೀಠದಲ್ಲಿ ಸ್ವೀಡನ್ನಿನ ದೊರೆ ಕೂತಿದ್ದಾನೆ ಅನ್ನುವುದೊಂದು ಬಿಟ್ಟರೆ ಒಂದೆಳೆಯೂ ಆಚೀಚೆ ಆಗಿಲ್ಲ. ಆದ್ದರಿಂದ ವಿಜ್ಞಾನಿಯ ಚರಿತ್ರೆ ಬರೆಯಲು ಮಕ್ಕಳಿಗೆ ಕಲಿಸುವುದೆಂದರೆ ಛಂದಸ್ಸು ಕಲಿಸುವುದು. ವಿಜ್ಞಾನ ಅದರಲ್ಲಿ ಪ್ರಾಸಕ್ಕೆ ಬಂದ ಪದ, ಅಷ್ಟೆ.

ಈ ಕಾವ್ಯದ ಸ್ಥಾಯೀಭಾವ ಬಡತನ, ಅದರ ಉದ್ದೀಪನ ವಿಭಾವ ಬೀದಿದೀಪ. ನಾಯಕನು ಅದರ ಕೆಳಗೆ ಓದಿರಲೇಬೇಕು. ಪಂಪ ಅರಿಕೇಸರಿಯಲ್ಲಿ ಅರ್ಜುನನನ್ನು ಕಂಡಂತೆ, ನಾಲ್ಕನೇ ತರಗತಿಯ ಕವಿ ಸಕಲ ಸಾಧಕರನ್ನೂ ಒಂದೇ ದೀಪದ ಕಂಬದ ಬುಡದಲ್ಲಿ ಕೂರಿಸುತ್ತಾನೆ. ರಾಮನ್ನರ ವಿಷಯದಲ್ಲಿ ಇತಿಹಾಸ ತುಸು ತಕರಾರು ಮಾಡುವುದುಂಟು. ತಂದೆ ಗಣಿತ, ಭೌತಶಾಸ್ತ್ರಗಳ ಅಧ್ಯಾಪಕರು. ಮಗ ಹದಿನೆಂಟು ತುಂಬಿದ ಕೆಲವೇ ತಿಂಗಳಲ್ಲಿ, 1907ರಲ್ಲಿ, ಸರ್ಕಾರದ ಹಣಕಾಸು ಇಲಾಖೆ ಸೇರಿ ಕಲ್ಕತ್ತೆಯಲ್ಲಿ ಲೆಕ್ಕಪತ್ರದ ಅಧಿಕಾರಿಯಾದರು. ಕಚೇರಿಗೆ ಮುಂಚೆ, ಕಚೇರಿ ಬಿಟ್ಟ ಮೇಲೆ, ಬೌಬಜಾರಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗ. ಸಂಬಳ ಎಣಿಸುವ ನಾಯಕ ಯಾವ ರಸಕ್ಕೂ ಒದಗುವುದಿಲ್ಲ. ಇದನ್ನು ಕೈಬಿಟ್ಟ ಬಾಲಕವಿಗಳ ಔಚಿತ್ಯಪ್ರಜ್ಞೆಯನ್ನು ಕ್ಷೇಮೇಂದ್ರನೂ ಮೆಚ್ಚುತ್ತಿದ್ದ. ನ್ಯೂಟನ್ನನ ಸೇಬಿಗೂ ಇದೇ ಸಂಸ್ಕಾರವಾಗಿದೆ. ಮುದುಕ ನ್ಯೂಟನ್ನನ ಬಾಯಿಂದಲೇ 1726ರಲ್ಲಿ ಕಥೆ ಕೇಳಿ ಬರೆದಿಟ್ಟ ಸ್ಟುಕ್ಲಿಯ ಪ್ರಕಾರ ಹಣ್ಣು ಬಿದ್ದದ್ದು ನೆಲಕ್ಕೆ. ಅದನ್ನು ತಲೆಯ ಮೇಲೆ ಬೀಳಿಸಿದ್ದು ಪರಂಪರೆಯ ಸಾಧನೆ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಹುಟ್ಟಿದ ತಾರೀಕು ಇರಲಿ ಸ್ವಾಮಿ, ಆತ ಮಾಡಿದ್ದೇನು ಎಂದು ಮಗು ಬರೆಯುವುದು ಬೇಡವೇ? 1921ರಲ್ಲಿ ಇಂಗ್ಲೆಂಡಿನಿಂದ ಮರಳುವ ಹಡಗಿನಲ್ಲಿ ರಾಮನ್ ಮೆಡಿಟರೇನಿಯನ್ ಸಮುದ್ರದ ನೀಲಿ ಕಂಡು ನಿಂತರು. ಆ ನೀಲಿ ಆಕಾಶದ ಪ್ರತಿಬಿಂಬವೆಂದು ಲಾರ್ಡ್ ರೇಲೀ ಹೇಳಿಯಾಗಿತ್ತು. ರಾಮನ್ ತಮ್ಮ ಬಳಿಯಿದ್ದ ನಿಕೋಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು ತಿರುಗಿಸಿದರು. ನೀರಿನ ಮೈಯಿಂದ ಪ್ರತಿಫಲಿಸಿದ ಬೆಳಕು ಅಡಗಿತು, ಸಮುದ್ರ ಮಾತ್ರ ನೀಲಿಯಾಗಿಯೇ ಉಳಿಯಿತು. ಹಾಗಾದರೆ ನೀರೇ ಬೆಳಕನ್ನು ಚದುರಿಸುತ್ತಿರಬೇಕು ಎಂಬ ಆ ಗುಮಾನಿ ಏಳು ವರ್ಷ ಬೆಳೆದು 1928ರ ಫೆಬ್ರವರಿ 28ಕ್ಕೆ ಬಂದು ಮುಟ್ಟಿತು. ಇಷ್ಟನ್ನು ಒಂಬತ್ತು ವರ್ಷದ ಮಗು ಬರೆಯಲಾರದೇ, ಎನ್ನುತ್ತಾನೆ.

ಬರೆದೀತು. ಅಪಾಯ ಇರುವುದೇ ಅಲ್ಲಿ. ‘ರಾಮನ್ ಪರಿಣಾಮ ಕಂಡುಹಿಡಿದರು’ ಎಂಬ ವಾಕ್ಯದ ಮಹಿಮೆಯೆಂದರೆ ಅದರ ಮುಂದೆ ಯಾರೂ ಏನನ್ನೂ ಕೇಳುವಂತಿಲ್ಲ; ಅದು ಮಂತ್ರ. ಹಡಗಿನ ಪ್ರಸಂಗ ಬಂತೋ, ದೊಡ್ಡವರೊಬ್ಬರು ಹೇಳಿದ್ದನ್ನು ಇನ್ನೊಬ್ಬರು ಪರೀಕ್ಷಿಸಿ ನೋಡಿದರೆಂಬ ಸಂಗತಿ ನಲವತ್ತು ಮಕ್ಕಳ ಕಿವಿಗೆ ಬೀಳುತ್ತದೆ. ದೊಡ್ಡವರೆಂದರೆ ಆ ಕೋಣೆಯಲ್ಲಿ ಸಿಗುವುದು ಮೇಷ್ಟ್ರೊಬ್ಬರೇ.

ಪೂರ್ವಪಕ್ಷಿ ಬಿಡುವುದಿಲ್ಲ. ಬೆಳಕು ಕಷ್ಟವಾದರೆ ನಾದವಾದರೂ ಇರಲಿ, 1920ರಲ್ಲಿ ರಾಮನ್ ಮೃದಂಗ, ತಬಲಗಳ ಮೇಲೆ ಬರೆದರಲ್ಲ, ನಡುವಿನ ಕಪ್ಪು ಕರಣೆಯಿಂದಲೇ ಚರ್ಮಕ್ಕೆ ಸ್ವರ ಒಲಿಯುತ್ತದೆಂದು ತೋರಿಸಿದರಲ್ಲ ಎಂದು ವಾದ ಬದಲಿಸುತ್ತಾನೆ. ಇದಕ್ಕೆ ಉತ್ತರ ಶಾಸ್ತ್ರದಿಂದ ಬೇಕಿಲ್ಲ. ಮಕ್ಕಳು ತಕ್ಷಣ ಡೆಸ್ಕು, ಟಿಫಿನ್ ಡಬ್ಬಿ, ಪಕ್ಕದವನ ಬೆನ್ನು ಬಡಿದು ನೋಡತೊಡಗುತ್ತಾರೆ. ರಗಳೆ ಎಂಬ ಶಬ್ದದ ಎರಡನೆಯ ಅರ್ಥ ಆಗ ಐದನೇ ತರಗತಿಯವರೆಗೂ ಕೇಳಿಸುತ್ತದೆ.

ಉಳಿದದ್ದು ಚಿತ್ರದ ಪ್ರಶ್ನೆ. ಸ್ಟೇಷನರಿ ಅಂಗಡಿಯ ಸಾಧಕರ ಚಾರ್ಟಿನಿಂದ ಕತ್ತರಿಸಿ ಗಮ್ ಹಚ್ಚುವಾಗ ವಿಶ್ವೇಶ್ವರಯ್ಯನವರು ರಾಮನ್ನರ ಜಾಗಕ್ಕೆ ಬಂದು ಕೂತರೆ ಅಂಕ ಕಳೆಯಬೇಕಿಲ್ಲ. ಇಬ್ಬರಿಗೂ ಪೇಟವಿದೆ, ದೀಪದ ಕಂಬವಂತೂ ಒಂದೇ. ಎಚ್ಚರ ವಹಿಸಬೇಕಾದದ್ದು ಅಂಚಿನ ಬಣ್ಣದಲ್ಲಿ. ನೀಲಿ ಸ್ಕೆಚ್ ಪೆನ್ನಿನಲ್ಲಿ ಅಲೆಅಲೆಯಾಗಿ ಅಂಚು ಬಿಡಿಸುತ್ತಿರುವ ಹುಡುಗಿ ಅರ್ಧಕ್ಕೆ ಕೈ ನಿಲ್ಲಿಸಿ, ತನ್ನ ನೀರಿನ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದು ಯಾಕೆ ನೀಲಿ ಇಲ್ಲ ಮಿಸ್ ಅಂದಾಳು. ಅಂಚಿಗೆ ಹಸಿರು ಪೆನ್ನು ಕೊಡುವುದು ಕ್ಷೇಮ.